ಏವಿಸಕ್ಕನ ಕೊಪ್ಪರಿಗೆ

ಬಾಗಿಲಿಗೆ ಅಗಳಿ ಹಾಕಿದ್ದೀರಿ ತಾನೆ? ಹಾಗಾದರೆ ಒಲೆಯ ಹತ್ತಿರ ಬನ್ನಿ. ಇದನ್ನು ಜೋರಾಗಿ ಹೇಳುವುದಕ್ಕೆ ಆಗುವುದಿಲ್ಲ.

ಇದು ನಡೆದದ್ದು ನಮ್ಮ ಪರ್ನೆಲ್ ದೊಡ್ಡಮ್ಮನಿಗೆ. ದೂರದ ನಂಟಲ್ಲ, ನಮ್ಮ ತಾಯಿಯ ಸ್ವಂತ ದೊಡ್ಡಪ್ಪನ ಮಗಳು. ಹಾಲಿಗೆ ಒಂದು ಹನಿ ನೀರು ಬೆರೆಸಿದವಳಲ್ಲ. ಮಾತಿಗೂ ಹಾಗೆಯೇ.

ರಾಜ ಚಾರ್ಲ್ಸನ ತಲೆ ಹೋಗುವುದಕ್ಕೆ ಹದಿನೈದು ವರ್ಷ ಮುಂಚೆ, ನಮ್ಮ ಥಾರ್ನ್‌ಹೋ ಹಳ್ಳಿಯಲ್ಲಿ. ಫೆಬ್ರವರಿ ತಿಂಗಳು. ಎಂಟರ ಗಂಟೆ ಹೊಡೆದು ಬಹಳ ಹೊತ್ತಾಗಿತ್ತು. ಪರ್ನೆಲ್ ಒಬ್ಬಳೇ ಮನೆಗೆ ಬರುತ್ತಿದ್ದಳು. ಎರಡು ತೋಳಿನಲ್ಲಿ ಅಪ್ಪಿಕೊಂಡು ಒಂದು ದೊಡ್ಡ ಹಿತ್ತಾಳೆ ಕೊಪ್ಪರಿಗೆ.

ಆ ಕೊಪ್ಪರಿಗೆಯ ದನಿ ಊರಿಗೆಲ್ಲ ಗೊತ್ತಿತ್ತು. ಬೇರೆ ಪಾತ್ರೆಗಳು ತಾಗಿದರೆ ‘ಠಣ್’ ಎಂದು ಸುಮ್ಮನಾಗುತ್ತವೆ. ಇದು ‘ಢೊಂಯ್...’ ಎನ್ನುತ್ತಿತ್ತು. ಆಮೇಲೆ ಏನೋ ಯೋಚಿಸುವವರ ಹಾಗೆ ಬಹಳ ಹೊತ್ತು ಗುಂಯ್‌ಗುಡುತ್ತಿತ್ತು. ಹೆಜ್ಜೆಗೊಮ್ಮೆ ಅದರ ಹಿಡಿ ಅಂಚಿಗೆ ತಾಗುತ್ತಿತ್ತು. ಢೊಂಯ್... ಢೊಂಯ್...

ಮೂರು ಕಲ್ಲಿನ ಬಾವಿ ಬಂತು. ಹಗ್ಗ ಹೆಪ್ಪುಗಟ್ಟಿ ರಾಟೆಯ ಮೇಲೆ ಕೋಲಿನ ಹಾಗೆ ನಿಂತಿತ್ತು. ಗಾಳಿ ಇರಲಿಲ್ಲ.

ಹಿಂದೆ... ಟಕ್.

ಪರ್ನೆಲ್ ನಿಂತಳು. ಸದ್ದು ನಿಂತಿತು.

ಮತ್ತೆ ನಡೆದಳು. ಟಕ್... ಸರ್ರ್. ಟಕ್... ಸರ್ರ್.

ಮರದ ಮೆಟ್ಟಿನ ಸದ್ದು. ಒಂದು ಕಾಲು ಊರುತ್ತದೆ, ಇನ್ನೊಂದು ಕಾಲು ಎಳೆಯುತ್ತದೆ. ಹಸು ಒದ್ದು ಬಲಗಾಲು ಸೊಟ್ಟಗಾದ ಹೆಂಗಸು ಊರಿಗೆಲ್ಲ ಒಬ್ಬಳೇ ಇದ್ದಳು. ಅವಳು ಸತ್ತು ಹನ್ನೆರಡು ದಿನ... ಅಲ್ಲ, ಹದಿಮೂರು. ಸರಿಯಾಗಿಯೇ ಹೇಳಬೇಕು. ಅವಳ ಮೆಟ್ಟು ಅವಳ ಮನೆಯ ಗೂಟದ ಮೇಲೆ ತೂಗುತ್ತಿದ್ದದ್ದನ್ನು ಅದೇ ಸಂಜೆ ಪರ್ನೆಲ್ ತನ್ನ ಕಣ್ಣಿನಿಂದ ನೋಡಿ ಬಂದಿದ್ದಳು.

ಆಗ ಕೊಪ್ಪರಿಗೆ ಭಾರವಾಯಿತು. ಸ್ವಲ್ಪ ಸ್ವಲ್ಪವಾಗಿ... ಯಾರೋ ಅದರೊಳಗೆ ಬಿಂದಿಗೆ ಬಿಂದಿಗೆಯಾಗಿ ಹುಯ್ಯುತ್ತಿರುವ ಹಾಗೆ. ಒಳಗೆ ಏನೋ ತುಳುಕಿತು. ‘ಗುಳುಕ್’.

ಕಿವಿಯ ಹತ್ತಿರ, ಉಸಿರು ತಾಗುವಷ್ಟು ಹತ್ತಿರ, ಒಂದು ಪಿಸುಮಾತು.

“ಪರ್ನೆಲ್... ಎಷ್ಟಕ್ಕೆ?”

ಅವಳು ಓಡಿದಳು. ಮನೆಯ ಹೊಸ್ತಿಲು ದಾಟುವವರೆಗೆ ಹಿಂದೆ ನೋಡಲಿಲ್ಲ. ಒಳಗೆ ಬಂದು ದೀಪ ಹಿಡಿದು ನೋಡಿದರೆ ಕೊಪ್ಪರಿಗೆ ಖಾಲಿ. ಒಂದು ಹನಿ ಇಲ್ಲ. ಅವಳು ಸೊಂಟಕ್ಕೆ ಕಟ್ಟಿದ್ದ ಮುಂಗವಚದ ಬಟ್ಟೆಯೂ ಒಣಗಿಯೇ ಇತ್ತು.

ಎಷ್ಟಕ್ಕೆ? ಏನು ಎಷ್ಟಕ್ಕೆ? ಅವಳಿಗೆ ಅರ್ಥವಾಗಲಿಲ್ಲ.

ನಿಮಗೂ ಆಗಲಿಕ್ಕಿಲ್ಲ. ಹದಿನೈದು ದಿನ ಹಿಂದಕ್ಕೆ ಹೋಗಬೇಕು.

ಆ ಸೊಟ್ಟಗಾಲಿನ ಏವಿಸ್ ಥರ್ಲೋ ವಿಧವೆ. ಗಂಡ ಸಾಯುವಾಗ ಹೊಲ, ಮನೆ ಮಗ ಆಂಬ್ರೋಸನಿಗೆ ಬರೆದಿದ್ದ, ಮನೆಯೊಳಗಿನ ಸಾಮಾನು, ಹಾಲಿನ ಹಸು ಎಲ್ಲ ಹೆಂಡತಿಗೆ. ಆಂಬ್ರೋಸ್ ಮದುವೆಯಾದ ವಾರವೇ ತಾಯಿಯ ಮಂಚವನ್ನು ಹಿಂದಿನ ಕೋಣೆಗೆ ಸಾಗಿಸಿದ. ಆ ಕೋಣೆಗೆ ಕಿಟಕಿ ಇರಲಿಲ್ಲ. ಏವಿಸ್ ಜಗಳವಾಡಲಿಲ್ಲ. “ಹೊಲ ನಿನ್ನದು, ಉತ್ತುಕೋ. ಮಂಚ ನನ್ನದು, ಜ್ಞಾಪಕ ಇಟ್ಕೋ,” ಎಂದಳು, ಅಷ್ಟೆ.

ಅವಳ ಜೊತೆ ತೊಮಸಿನ್ ಇದ್ದಳು. ತಬ್ಬಲಿ ಹುಡುಗಿ, ಒಂಬತ್ತನೆಯ ವಯಸ್ಸಿಗೆ ಬಂದವಳು. ಹನ್ನೆರಡು ವರ್ಷ ಏವಿಸಳ ಕೈಕೆಳಗೆ ಹಾಲು ಕರೆದು, ಬೆಣ್ಣೆ ಕಡೆದು, ಚೀಸ್ ಒತ್ತಿದಳು. ಅಂಥವಳಿಗೆ ಒಂದು ಹಸು, ಒಂದು ಒತ್ತುಮರ, ನಾಲ್ಕು ಪಾತ್ರೆ ಇದ್ದರೆ ಎಲ್ಲಿಯಾದರೂ ಒಂದು ಕೊಟ್ಟಿಗೆ ಬಾಡಿಗೆಗೆ ಹಿಡಿದು ಬದುಕಬಹುದು. ಇಲ್ಲದಿದ್ದರೆ ಬೀದಿ. ನಮ್ಮ ಕಡೆ ಬೀದಿಯಲ್ಲಿ ಸಿಕ್ಕ ಒಂಟಿ ಹುಡುಗಿಯನ್ನು ಚಾಟಿಯಲ್ಲಿ ಹೊಡೆದು ಊರಾಚೆ ಕಳಿಸುತ್ತಾರೆ. ಅದು ಎಲ್ಲರಿಗೂ ಗೊತ್ತು.

ಜನವರಿಯಲ್ಲಿ ಏವಿಸಳಿಗೆ ಎದೆ ಕಟ್ಟಿತು. ಹಿಮ ಬಿದ್ದು ದಾರಿ ಮುಚ್ಚಿತ್ತು. ಉಯಿಲು ಬರೆಯುವ ಮೇಷ್ಟರು ಪೇಟೆಯಲ್ಲಿ ಸಿಕ್ಕಿಕೊಂಡಿದ್ದರು. ಅವಳು ಇಬ್ಬರನ್ನು ಕರೆಸಿದಳು: ಬಾವಿಯಾಚೆಯ ಮನೆಯ ಪರ್ನೆಲ್, ಮತ್ತು ಚರ್ಚಿನ ಗೋರಿ ತೋಡುವ ಮುದುಕ ಜೆಫ್ರಿ ಪಾಸ್ಕ್.

“ಬರೆಯೋನು ಬರೋ ತನಕ ನನಗೆ ಪುರುಸೊತ್ತಿಲ್ಲ,” ಎಂದಳು ಏವಿಸ್. “ಬಾಯಲ್ಲೇ ಹೇಳ್ತೀನಿ. ಇಬ್ಬರೂ ಕಿವೀಲಿ ಬರ್ಕೊಳ್ಳಿ.”

ನಮ್ಮಲ್ಲಿ ಅದು ನಡೆಯುತ್ತದೆ. ಸಾಯುವವರು ಬಾಯಲ್ಲಿ ಹೇಳಿದ್ದನ್ನು ಇಬ್ಬರು ಕೇಳಿರಬೇಕು. ಆ ಇಬ್ಬರೂ ಚರ್ಚಿನ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿದರೆ ಅದು ಬರೆದ ಉಯಿಲಿಗೆ ಸಮ. ಇಬ್ಬರು. ಒಬ್ಬರಾದರೆ ಇಲ್ಲ.

ಜೆಫ್ರಿ ಟೋಪಿ ತೆಗೆದು ಕೇಳಬೇಕಾದ್ದನ್ನು ಕೇಳಿದ. “ಏವಿಸಕ್ಕ, ಬುದ್ಧಿ ನೆಟ್ಟಗಿದೆಯಾ?”

“ಇವತ್ತು ಗುರುವಾರ. ನಿನ್ನ ಅಂಗಿ ಗುಂಡಿ ಒಂದು ಕೆಳಗೆ ಹಾಕಿದೀಯ. ಸಾಕಾ?”

ಜೆಫ್ರಿ ಬಗ್ಗಿ ನೋಡಿಕೊಂಡ. “ಸಾಕು.”

“ಕೇಳಿ ಹಾಗಾದ್ರೆ. ಮಂಚ, ಹಕ್ಕಿ ಗರಿ ಹಾಸಿಗೆ ತೊಮಸಿನ್‌ಗೆ. ಕಪ್ಪು ದಾರದ ಹೊಲಿಗೆ ಇರೋ ದುಪ್ಪಟಿನೂ ಅವಳಿಗೇ. ಬಿಳೀ ದಾರದ್ದಲ್ಲ, ಕೇಳಿಸ್ತಾ? ಬಿಳೀದು ನನ್ನ ಸೊಸೆಗೆ. ಅದು ತೂತಾಗಿದೆ.”

ಪರ್ನೆಲ್ ನಗು ತಡೆದುಕೊಂಡಳು. ತೊಮಸಿನ್ ಮೂಲೆಯಲ್ಲಿ ಮುಂಗವಚದಿಂದ ಮುಖ ಮುಚ್ಚಿಕೊಂಡಿದ್ದಳು.

“ಅಳಬೇಡ ಕಣೇ, ಲೆಕ್ಕ ತಪ್ಪುತ್ತೆ. ಚೀಸ್ ಒತ್ತೋ ಮರ. ಅದರ ಕಲ್ಲು. ಬೆಣ್ಣೆ ಕಡೆಯೋ ಪೀಪಾಯಿ. ಕೆಂಪು ಹಸು ಚೆರಿ. ಎಲ್ಲಾ ತೊಮಸಿನ್‌ಗೆ. ಜೆಫ್ರಿ, ನಿನಗೇನೂ ಇಲ್ಲ.”

“ಬೇಡಕ್ಕ. ಗುಂಡಿ ತೋಡೋ ಕೂಲಿ ಸಿಗುತ್ತಲ್ಲ.”

“ಆಳವಾಗಿ ತೋಡು. ಆಂಬ್ರೋಸ್ ಮೇಲೆ ಓಡಾಡೋದು ನನಗೆ ಕೇಳಿಸಬಾರದು.” ಅವಳು ಕೆಮ್ಮಿದಳು. ಆಮೇಲೆ ಪರ್ನೆಲಳ ಮಣಿಕಟ್ಟು ಹಿಡಿದಳು. “ದೊಡ್ಡ ಕೊಪ್ಪರಿಗೆ ನಿನಗೆ. ಒಳಗಡೆ ಮಾತ್ರ ಉಜ್ಜು. ಹೊರಗಡೆ ಮುಟ್ಟಬೇಡ. ಇಪ್ಪತ್ತು ವರ್ಷದ ಮಸಿ ಅದು. ಮಸಿ ಇದ್ರೆ ಹಾಲು ತಳ ಹಿಡಿಯೋಲ್ಲ. ಹೊರಗಿನ ಹೊಳಪು ಅಕ್ಕಪಕ್ಕದೋರಿಗೆ, ಹಾಲಿಗಲ್ಲ.”

ಶನಿವಾರ ಬೆಳಗ್ಗೆ, ಹಾಲು ಕರೆಯುವ ಹೊತ್ತಿಗೆ ಸರಿಯಾಗಿ, ಏವಿಸ್ ಹೋಗಿಬಿಟ್ಟಳು. ಜೆಫ್ರಿ ಹೇಳಿದ್ದಕ್ಕಿಂತ ಒಂದು ಮೊಳ ಆಳವಾಗಿಯೇ ತೋಡಿದ.

ಮಣ್ಣು ಮುಚ್ಚಿದ ಮಾರನೆಯ ದಿನ ಆಂಬ್ರೋಸ್ ಕೇಳಿದ: “ಉಯಿಲಾ? ಕಾಗದ ಎಲ್ಲಿ?”

ತೊಮಸಿನ್ ಹೇಳಿದಳು, “ಬಾಯಲ್ಲಿ ಹೇಳಿದಾರೆ. ಇಬ್ಬರು ಕೇಳಿದಾರೆ.”

“ಇಬ್ಬರು ಬಂದು ನನ್ನ ಮುಂದೆ ಹೇಳಲಿ, ನೋಡೋಣ. ನೀನು ಮಾರ್ಚ್ ಕೊನೆಗೆ ಜಾಗ ಖಾಲಿ ಮಾಡು. ಮೈಮೇಲಿರೋ ಬಟ್ಟೆ ನಿಂದು. ಉಳಿದದ್ದಕ್ಕೆ ಕೈ ಹಾಕಿದ್ರೆ ಕಳ್ಳಿ ಅಂತ ಕಟ್ಟಿಸ್ತೀನಿ.”

ಪರ್ನೆಲಳಿಗೆ ಇದು ತಿಳಿಯಿತು. ಸುಮ್ಮನಿದ್ದಳು. ಯಾಕೆ ಸುಮ್ಮನಿದ್ದಳು? ಅವಳೂ ಅವಳ ಗಂಡ ಗೈಲ್ಸೂ ಇದ್ದ ಮನೆ, ಉಳುತ್ತಿದ್ದ ಆರು ಎಕರೆ, ಎರಡೂ ಆಂಬ್ರೋಸನವು. ಸೆಪ್ಟೆಂಬರಿನ ಮೈಕೆಲ್ ಹಬ್ಬಕ್ಕೆ ಗೇಣಿ ಮುಗಿಯುತ್ತಿತ್ತು. ಇದನ್ನು ಮುಚ್ಚಿಡುವುದು ಬೇಡ. ದೊಡ್ಡಮ್ಮನೇ ಮುಚ್ಚಿಡಲಿಲ್ಲ.

ಹದಿಮೂರನೆಯ ದಿನ ಮನೆಯ ಸಾಮಾನು ಪಟ್ಟಿ ಮಾಡಲು ನಾಲ್ಕು ಜನ ನೆರೆಯವರು ಬಂದರು. ಯಾರೇ ಸತ್ತರೂ ಇದು ನಡೆಯಲೇಬೇಕು. ಕೋಣೆಯಿಂದ ಕೋಣೆಗೆ ಹೋಗುತ್ತಾರೆ. ಕಂಡದ್ದನ್ನೆಲ್ಲ ಬರೆಯುತ್ತಾರೆ. ಅವರಿಗೆ ರೊಟ್ಟಿ, ಬಿಯರು ಬಡಿಸಲು ಆಂಬ್ರೋಸನ ಹೆಂಡತಿ ಪರ್ನೆಲಳನ್ನು ಕರೆಸಿದಳು.

“ಇದು ಗರಿಯೋ ಹುಲ್ಲೋ?” ಒಬ್ಬ ಹಾಸಿಗೆ ಹಿಸುಕುತ್ತಿದ್ದ.

“ಮಲಗಿ ನೋಡಯ್ಯ.”

“ಸತ್ತೋಳ ಹಾಸಿಗೆ. ನೀನೇ ಮಲಗು, ನಿನ್ನ ಹೆಂಡತಿಗೂ ಒಂದು ರಾತ್ರಿ ನೆಮ್ಮದಿ ಸಿಗಲಿ.”

“ಗರಿ ಅಂತ ಬರಿ. ಮೆಟ್ಟು ಒಂದು ಜೊತೆ, ಗೂಟದ ಮೇಲೆ. ಆಮೇಲೆ ಕೊಪ್ಪರಿಗೆ ಒಂದು...”

ಪರ್ನೆಲ್ ತಿರುಗಿ ನೋಡಿದಳು. ಇಪ್ಪತ್ತು ವರ್ಷದ ಮಸಿ ಹೋಗಿತ್ತು. ಸೊಸೆ ಆಳಿನ ಕೈಯಲ್ಲಿ ಮೂರು ದಿನ ಮರಳು ಹಾಕಿ ಉಜ್ಜಿಸಿದ್ದಳು. ಕೊಪ್ಪರಿಗೆ ಹೊರಗಡೆಯೂ ಥಳಥಳ ಹೊಳೆಯುತ್ತಿತ್ತು, ಚರ್ಮ ಸುಲಿದ ಹಾಗೆ.

“ಒಳಗೂ ಹೊರಗೂ ಹೊಳೆಯುವಂಥದ್ದು ಅಂತ ಬರೀರಿ,” ಎಂದಳು ಸೊಸೆ. “ಬರೀ ಕೊಪ್ಪರಿಗೆ ಅಂದ್ರೆ ಸಾಲದು. ಥರ್ಲೋ ಮನೇಲಿ ಮಸಿ ಪಾತ್ರೆ ಇತ್ತು ಅಂತ ನಾಳೆ ಯಾರೂ ಅನ್ನಬಾರದು.”

ಬರೆದರು. ‘ದೊಡ್ಡ ಹಿತ್ತಾಳೆ ಕೊಪ್ಪರಿಗೆ ಒಂದು, ಒಳಗೂ ಹೊರಗೂ ಹೊಳೆಯುವಂಥದ್ದು.’

ಪಟ್ಟಿ ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. ಪರ್ನೆಲ್ ಶಾಲು ಹೊದ್ದುಕೊಳ್ಳುತ್ತಿದ್ದಾಗ ಆಂಬ್ರೋಸ್ ಬಂದ. ಎಂದೂ ಇಲ್ಲದ ಮೆತ್ತಗಿನ ಮಾತು.

“ಪರ್ನೆಲಕ್ಕ, ಅಮ್ಮ ನಿಮಗೆ ಈ ಕೊಪ್ಪರಿಗೆ ಅಂದಿದ್ರಂತೆ. ಅಮ್ಮನ ಮಾತು ನಾನು ತೆಗೆದುಹಾಕ್ತೀನಾ? ತಗೊಂಡು ಹೋಗಿ.”

ಅವಳಿಗೆ ಆಶ್ಚರ್ಯವಾಯಿತು. “ತೊಮಸಿನ್‌ದು?”

“ಅದನ್ನೂ ನೋಡೋಣ. ಒಂದೊಂದಾಗಿ ಆಗಲಿ. ಏವಿಸ್ ಬಿಟ್ಟದ್ದನ್ನ ತಗೊಂಡೆ ಅಂತ ಇವರ ಮುಂದೆ ಒಂದು ಮಾತು ಹೇಳಿಬಿಡಿ.”

ಅವಳು ಹೇಳಿದಳು. ನಾಲ್ವರೂ ಕೇಳಿಸಿಕೊಂಡರು. ಕೊಪ್ಪರಿಗೆ ತೋಳಿಗೆ ಬಂತು. ಮನಸ್ಸಿಗೆ ಹಿತವೇ ಆಯಿತು ಎಂದು ಅವಳು ಆಮೇಲೆ ಒಪ್ಪಿಕೊಂಡಳು. ತನಗೆ ಸೇರಬೇಕಾದದ್ದು ತನಗೆ ಸೇರಿತು. ಮಗನಿಗೆ ಕೊನೆಗೂ ಮನಸ್ಸು ಕರಗಿದೆ, ತೊಮಸಿನ್‌ಗೂ ಸಿಗುತ್ತದೆ, ತಾನು ಯಾರ ಎದುರೂ ಬಾಯಿ ಬಿಡಬೇಕಾಗಿಲ್ಲ...

ಹಾಗೆ ಅಂದುಕೊಳ್ಳುತ್ತಲೇ ಅವಳು ಬಾವಿಯ ದಾರಿ ಹಿಡಿದದ್ದು.

ಗೈಲ್ಸ್ ಕೊಪ್ಪರಿಗೆ ನೋಡಿ ಕುಣಿದುಬಿಟ್ಟ. “ಇದರಲ್ಲಿ ಇಡೀ ಹಂದಿ ಬೇಯುತ್ತೆ ಕಣೇ!”

“ನಮ್ಮ ಹತ್ತಿರ ಹಂದಿ ಎಲ್ಲಿದೆ?”

“ಕೊಪ್ಪರಿಗೆ ಬಂತಲ್ಲ, ಹಂದಿನೂ ಬರುತ್ತೆ.”

ಬಾವಿಯ ಹತ್ತಿರ ಏನಾಯಿತೆಂದು ಅವಳು ಹೇಳಲಿಲ್ಲ. ಕೊಪ್ಪರಿಗೆಯನ್ನು ಒಲೆಯ ಪಕ್ಕ ಇಟ್ಟು ಮಲಗಿದರು.

ಬೆಳಗಿನ ಜಾವ ಅವಳಿಗೆ ಎಚ್ಚರವಾಯಿತು.

ಜುಂಯ್... ಜುಂಯ್...

ಖಾಲಿ ಹಿತ್ತಾಳೆಯ ಮೇಲೆ ಮೊದಲ ಹಾಲು ಬೀಳುವ ಸದ್ದು. ಹಾಲು ಕರೆದವರಿಗೆ ಅದರಲ್ಲಿ ಅನುಮಾನ ಬರುವುದಿಲ್ಲ. ಸ್ವಲ್ಪ ಹೊತ್ತಿಗೆ ಸದ್ದು ದಪ್ಪಗಾಯಿತು. ಚರ್... ಚರ್... ಹಾಲಿನ ಮೇಲೆ ಹಾಲು. ಆಮೇಲೆ ಇನ್ನೂ ಮೆತ್ತಗೆ, ನೊರೆಯೊಳಗೆ. ಸೊರ್... ಸೊರ್... ಎರಡು ಕೈಯ ಲಯ. ತುಂಬಿತು. ನಿಂತಿತು.

ಬೆಳಗಾದ ಮೇಲೆ ನೋಡಿದರೆ ಒಣ ಹಿತ್ತಾಳೆ.

ಎರಡನೆಯ ರಾತ್ರಿ ಗೈಲ್ಸನಿಗೂ ಕೇಳಿಸಿತು.

“ಏನೇ ಅದು?”

“ಹಾಲು.”

“ಯಾರು ಕರೀತಿರೋದು?”

“ಮಲಗ್ರೀ.”

ಅವನು ಕಂಬಳಿಯೊಳಗೆ ತಲೆ ಹಾಕಿಕೊಂಡ. ಮೂರನೆಯ ರಾತ್ರಿ ಹಾಲಿನ ಸದ್ದು ನಿಂತ ಮೇಲೆ ಮತ್ತೊಂದು ಸದ್ದು. ಟಕ್... ಸರ್ರ್. ಒಲೆಯಿಂದ ಹಾಸಿಗೆಯ ಕಡೆಗೆ. ಪರ್ನೆಲ್ ಕಣ್ಣು ಮುಚ್ಚಿಕೊಂಡಳು. ಹಾಸಿಗೆಯ ಅಂಚು ಒಂದು ಕಡೆ ಕುಸಿಯಿತು... ಯಾರೋ ಕೂತ ಹಾಗೆ.

“ಎಷ್ಟಕ್ಕೆ, ಪರ್ನೆಲ್?”

ಬೆಳಗಾಗುತ್ತಲೇ ಅವಳು ಚರ್ಚಿನ ಅಂಗಳಕ್ಕೆ ಹೋದಳು. ಜೆಫ್ರಿ ಅಲ್ಲಿಯ ಹಳೆಯ ಯೂ ಮರದ ಕೆಳಗೆ ಹಿಮ ಬಾಚುತ್ತಿದ್ದ. ಅವಳನ್ನು ನೋಡಿಯೂ ನೋಡದವನ ಹಾಗೆ ಸಲಿಕೆ ಆಡಿಸಿದ.

“ಜೆಫ್ರಿ ಮಾವ, ಮಾತಾಡಿ.”

“ಕೊಪ್ಪರಿಗೆ ಚೆನ್ನಾಗಿದೆಯಾ?”

“ಏವಿಸಕ್ಕ ನನಗೆ ಕೊಟ್ಟದ್ದು ಅದು. ನೀವೇ ಕೇಳಿದೀರಿ.”

“ಕೇಳಿದೀನಿ. ನನಗೂ ಆಂಬ್ರೋಸ್ ಒಂದು ಜೊತೆ ಬೂಟು ತಂದಿದ್ದ. ಅಪ್ಪನದು, ಅಮ್ಮ ನಿನಗೆ ಕೊಡು ಅಂದಿದ್ಲು ಅಂತ. ಏವಿಸ್ ನನಗೆ ಏನೂ ಇಲ್ಲ ಅಂದಿದ್ಲಮ್ಮ. ಬೂಟು ಅವನ ಅಂಗಳಕ್ಕೇ ಎಸೆದು ಬಂದೆ.”

“ಯಾಕೆ?”

ಅವನು ಸಲಿಕೆ ನೆಟ್ಟು ನಿಂತ. “ಸತ್ತೋರಿಂದ ತಗೊಂಡೋರು ಅವರ ಉಯಿಲಿಗೆ ಸಾಕ್ಷಿ ಆಗೋಕಾಗೋಲ್ಲ. ತನಗೆ ಲಾಭ ಇದೆ, ಅದಕ್ಕೇ ಹೇಳ್ತಾಳೆ ಅಂತ ನ್ಯಾಯಾಲಯದೋರು ತೆಗೆದು ಹಾಕ್ತಾರೆ. ನೀನು ನಾಲ್ಕು ಜನರ ಮುಂದೆ ತಗೊಂಡೆ ಅಂದೆಯಂತೆ. ಈಗ ನಾನೊಬ್ಬನೇ. ಒಬ್ಬ ಅಂದ್ರೆ ಯಾರೂ ಇಲ್ಲ ಅಂತ. ತೊಮಸಿನ್ ಕತೆ ಮುಗೀತು.”

ಬಾವಿಯ ಹತ್ತಿರದ ಪ್ರಶ್ನೆ ಪರ್ನೆಲಳಿಗೆ ಅರ್ಥವಾದದ್ದು ಆಗ. ಆಂಬ್ರೋಸ್ ಅವಳ ಬಾಯಿಯನ್ನು ಕೊಂಡುಕೊಂಡಿದ್ದ. ಅವಳದೇ ಕೊಪ್ಪರಿಗೆ ಕೊಟ್ಟು ಕೊಂಡುಕೊಂಡಿದ್ದ.

“ತಿರುಗಿ ಕೊಟ್ರೆ?”

“ಬೇಡ ಅಂತ ಎಲ್ಲರ ಮುಂದೆ ಬಿಟ್ಟುಕೊಟ್ರೆ ಆಗುತ್ತೆ. ಆಮೇಲೆ ನಿನಗೆ ಅದು ಯಾವತ್ತೂ ಇಲ್ಲ. ಮನೆನೂ ಇರೋಲ್ಲ, ಗೊತ್ತಲ್ಲ?”

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ತಲೆ ಮೇಲೆ ಕೈ ಹೊತ್ತು ಕೂತ.

“ಆರು ಎಕರೆ ಕಣೇ! ಆ ಹುಡುಗಿ ನಮಗೇನಾಗಬೇಕು?”

“ಏನೂ ಆಗಬೇಕಿಲ್ಲ.”

“ಮತ್ತೆ? ಮೈಕೆಲ್ ಹಬ್ಬಕ್ಕೆ ಹೊರಗೆ ಹಾಕ್ತಾನೆ.”

“ಹಾಕಲಿ. ಹೊರಗೆ ಮಲಗಿದ್ರೆ ನಿದ್ದೆನಾದ್ರೂ ಬರುತ್ತೆ. ನನ್ನ ಬಾಯಿಗೆ ಅವನು ಕೊಪ್ಪರಿಗೆ ಮುಚ್ಚಳ ಹಾಕ್ತಾನಾ? ಯಾರು ಅವನು? ಹೆತ್ತ ತಾಯಿನ ಕಿಟಕಿ ಇಲ್ಲದ ಕೋಣೇಲಿ ಇಟ್ಟೋನು. ನಾನು ಹೋಗ್ತೀನಿ. ನೀವು ಬರೋದಾದ್ರೆ ಬನ್ನಿ, ಇಲ್ದಿದ್ರೆ ಬಾಗಿಲು ಹಾಕ್ಕೊಳ್ಳಿ.”

ಅವನು ಬಾಗಿಲು ಹಾಕಿಕೊಂಡ. ಅದನ್ನೂ ಹೇಳಲೇಬೇಕು.

ಹೊತ್ತು ಮುಳುಗಿದ ಮೇಲೆ ಅವಳು ಕೊಪ್ಪರಿಗೆ ಎತ್ತಿಕೊಂಡು ಹೊರಟಳು. ಪಟ್ಟಿ ಬರೆದವರಲ್ಲಿ ಇಬ್ಬರು ಆ ದಿನ ಆಂಬ್ರೋಸನ ಮನೆಗೆ ಊಟಕ್ಕೆ ಬರುವವರಿದ್ದರು. ಅವರ ಎದುರಿಗೇ ಆಗಬೇಕಿತ್ತು.

ಬಾವಿ ಬಂತು. ಅವಳು ತಾನಾಗಿ ನಿಂತಳು.

“ಎಷ್ಟಕ್ಕೂ ಇಲ್ಲ, ಏವಿಸಕ್ಕ,” ಎಂದು ಪಿಸುಗುಟ್ಟಿದಳು. “ಕೇಳಿಸ್ತಾ? ಎಷ್ಟಕ್ಕೂ ಇಲ್ಲ.”

ಹೆಪ್ಪುಗಟ್ಟಿದ ಹಗ್ಗ ‘ಕಿರ್ರ್’ ಎಂದಿತು. ಆಮೇಲೆ... ಟಕ್. ಸರ್ರ್. ಈ ಸಲ ಹಿಂದೆ ಅಲ್ಲ. ಮುಂದೆ. ನಾಲ್ಕು ಹೆಜ್ಜೆ ಮುಂದೆ, ದಾರಿ ತೋರಿಸುವವರ ಹಾಗೆ. ಕೊಪ್ಪರಿಗೆ ಹುಲ್ಲಿನ ಬುಟ್ಟಿಯಷ್ಟು ಹಗುರವಾಗಿತ್ತು. ಆಂಬ್ರೋಸನ ಬಾಗಿಲವರೆಗೂ ಆ ಸದ್ದು ಮುಂದೆಯೇ ಹೋಯಿತು.

ಒಳಗೆ ಊಟಕ್ಕೆ ಕೂತಿದ್ದರು. ಅವಳು ಬಾಗಿಲು ತಟ್ಟಲಿಲ್ಲ. ನೇರವಾಗಿ ಹೋಗಿ ಕೊಪ್ಪರಿಗೆಯನ್ನು ಮೇಜಿನ ನಡುವೆ ಇಟ್ಟಳು.

ಢೊಂಯ್...

ಆ ಗುಂಯ್‌ಗಾಟ ಮುಗಿಯುವವರೆಗೆ ಯಾರೂ ಚಮಚ ಎತ್ತಲಿಲ್ಲ.

“ಏವಿಸ್ ಥರ್ಲೋ ಇದನ್ನ ನನಗೆ ಬಿಟ್ಲು,” ಎಂದಳು ಪರ್ನೆಲ್. “ನಾನು ಬೇಡ ಅಂತೀನಿ. ನೀವಿಬ್ಬರೂ ಕೇಳಿಸ್ಕೊಳ್ಳಿ. ಅವತ್ತು ತಗೊಂಡೆ ಅಂದದ್ದು ಕೇಳಿಸ್ಕೊಂಡ್ರಲ್ಲ, ಅದೇ ಕಿವೀಲಿ ಇದನ್ನೂ ಕೇಳಿಸ್ಕೊಳ್ಳಿ.”

ಆಂಬ್ರೋಸ್ ಎದ್ದ. “ಪರ್ನೆಲಕ್ಕ, ಯೋಚನೆ ಮಾಡಿ. ಮೈಕೆಲ್ ಹಬ್ಬ ದೂರ ಇಲ್ಲ.”

“ನ್ಯಾಯಾಲಯ ಇನ್ನೂ ಹತ್ತಿರ ಇದೆಯಪ್ಪ.”

“ಯಾರ ಮನೇಲಿ ನಿಂತು ಮಾತಾಡ್ತಿದೀರಿ ಗೊತ್ತಾ?”

“ಗೊತ್ತು. ಈ ಮೇಜು ನಿನ್ನ ತಾಯಿದು. ಆ ಬೆಂಚು ನಿನ್ನ ತಾಯಿದು. ಗೋಡೆ ನಿಂದು. ಗೋಡೆ ಹತ್ತಿರ ಮಾತಾಡ್ಬೇಕಾದಾಗ ನಿನ್ನನ್ನ ಕರೀತೀನಿ.”

ಮಾರ್ಚ್ ಎರಡನೆಯ ವಾರ ಪೇಟೆಯ ಚರ್ಚಿನಲ್ಲಿ ನ್ಯಾಯಾಲಯ ಕೂತಿತು. ಕಂಬಗಳ ನಡುವೆ ಒಂದು ಮೇಜು, ಹಿಂದೆ ನ್ಯಾಯಾಧೀಶರು, ಕಾಲ ಕೆಳಗೆ ಕೆಂಡದ ಕುಂಡ. ಮೊದಲು ಜೆಫ್ರಿಯನ್ನು ಕೇಳಿ ಆಚೆ ಕಳಿಸಿದರು. ಆಮೇಲೆ ಪರ್ನೆಲ್. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳಬಾರದು ಎಂಬುದು ಅಲ್ಲಿಯ ಕ್ರಮ.

ಆಂಬ್ರೋಸನ ವಕೀಲ ತೆಳ್ಳಗಿನ ಮನುಷ್ಯ. “ಸತ್ತವಳು ನಿನಗೇನಾದರೂ ಬಿಟ್ಟಳೋ?”

“ಬಿಟ್ಟಳು. ನಾನು ಬೇಡ ಅಂದೆ. ಇಲ್ಲೂ ಬೇಡ ಅಂತೀನಿ, ಬರ್ಕೊಳ್ಳಿ ಸ್ವಾಮಿ.”

“ಮೂರು ದಿನ ಇಟ್ಟುಕೊಂಡಿದ್ದೆ.”

“ಮೂರು ರಾತ್ರಿ.”

“ಮತ್ತೆ ಯಾಕೆ ಹಿಂದಕ್ಕೆ ಕೊಟ್ಟೆ?”

ಅವಳು ಸ್ವಲ್ಪ ಯೋಚಿಸಿದಳು. ಪ್ರಮಾಣ ಮಾಡಿದ ಬಾಯಿ. “ನಿದ್ದೆ ಕೆಡಿಸ್ತಿತ್ತು.”

ಬೆಂಚಿನ ಮೇಲಿದ್ದವರು ನಕ್ಕರು. ನ್ಯಾಯಾಧೀಶರು ನಗಲಿಲ್ಲ. “ಅವಳು ಹೇಳಿದ್ದನ್ನು ಒಂದೊಂದಾಗಿ ಹೇಳು,” ಎಂದರು.

“ಮಂಚ. ಗರಿ ಹಾಸಿಗೆ. ಕಪ್ಪು ದಾರದ ಹೊಲಿಗೆ ಇರೋ ದುಪ್ಪಟಿ. ಬಿಳೀ ದಾರದ್ದು ಸೊಸೆಗೆ, ಅದು ತೂತು. ಚೀಸ್ ಒತ್ತೋ ಮರ. ಅದರ...”

ಅಲ್ಲಿ ನಿಂತುಬಿಟ್ಟಳು. ನಾಲಗೆಯ ಮೇಲೆ ಇದೆ, ಬರುವುದಿಲ್ಲ. ಜೆಫ್ರಿ ಹೇಳಿದ್ದಕ್ಕಿಂತ ಒಂದು ವಸ್ತು ಕಡಿಮೆಯಾದರೂ ವಕೀಲ ಬಿಡುವವನಲ್ಲ. ಅವನು ಆಗಲೇ ಮುಗುಳ್ನಗುತ್ತಿದ್ದ.

ಚರ್ಚಿನ ಹಿಂಭಾಗದಲ್ಲಿ, ಯಾರೂ ಇರದ ಕಡೆ, ಕಲ್ಲಿನ ನೆಲದ ಮೇಲೆ...

ಟಕ್. ಸರ್ರ್.

“ಕಲ್ಲು!” ಎಂದಳು ಪರ್ನೆಲ್. “ಒತ್ತುಮರದ ಕಲ್ಲು. ಬೆಣ್ಣೆ ಕಡೆಯೋ ಪೀಪಾಯಿ. ಕೆಂಪು ಹಸು ಚೆರಿ.”

ಗುಮಾಸ್ತ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಿದ. ಬಿಳೀ ದಾರದ ತೂತಿನವರೆಗೂ ಒಂದೇ. ಏವಿಸ್ ಥರ್ಲೋ ಬಾಯಲ್ಲಿ ಹೇಳಿದ ಉಯಿಲು ನಿಂತಿತು.

ತೊಮಸಿನ್ ಗಾಡಿಯ ಮೇಲೆ ಮಂಚ ಹೇರಿಕೊಂಡು, ಹಿಂದೆ ಹಸು ಕಟ್ಟಿಕೊಂಡು, ಹಗಲು ಹೊತ್ತಿನಲ್ಲಿ, ಆಂಬ್ರೋಸನ ಮುಂಬಾಗಿಲಿನಿಂದಲೇ ಹೊರಟಳು. ಹಿಂಬಾಗಿಲು ಹತ್ತಿರವಿತ್ತು. ಅವಳು ಅದನ್ನು ಬಳಸಲಿಲ್ಲ. ಕೊಪ್ಪರಿಗೆ ಮಾತ್ರ ಯಾರ ಹೆಸರಿಗೂ ಇಲ್ಲದ್ದಾಗಿ ಮಗನಿಗೇ ಉಳಿಯಿತು. ಸೊಸೆ ಅದನ್ನು ವಾರಕ್ಕೊಮ್ಮೆ ಒಳಗೂ ಹೊರಗೂ ಉಜ್ಜಿಸಿ ಬಾಗಿಲೆದುರಿಗೆ ತೂಗುಹಾಕಿದಳು, ಪರ್ನೆಲ್ ದಾರಿಯಲ್ಲಿ ಹೋಗುವಾಗ ಕಾಣಲಿ ಎಂದು.

ಮೈಕೆಲ್ ಹಬ್ಬದ ದಿನ ಆಂಬ್ರೋಸ್ ಹೇಳಿದ ಹಾಗೆ ಮಾಡಿದ. ಪರ್ನೆಲ್, ಗೈಲ್ಸ್ ಊರಾಚೆಯ ಗೋಮಾಳದ ಅಂಚಿನಲ್ಲಿ ಬಿದ್ದಿದ್ದ ಒಂದು ಹಳೆಯ ಗುಡಿಸಲಿಗೆ ಹೋದರು. ಒಂದೇ ಕೋಣೆ. ಬರೀ ಗೋಡೆ. ಸಾಮಾನು ತೂಗುಹಾಕಲು ಒಂದು ಮೊಳೆ ಕೂಡ ಇರಲಿಲ್ಲ. ಗೈಲ್ಸ್ ದಾರಿಯುದ್ದಕ್ಕೂ ಗೊಣಗಿದ. ಆದರೆ ಬಂದ. ಬಳಲಿ ಹುಲ್ಲಿನ ಮೇಲೆ ಮಲಗಿದರು. ಆ ರಾತ್ರಿ ಅವರಿಗೆ ಒಂದು ಸದ್ದೂ ಕೇಳಿಸಲಿಲ್ಲ.

ಬೆಳಗ್ಗೆ ಗೈಲ್ಸ್ ಅವಳನ್ನು ಅಲುಗಾಡಿಸಿ ಎಬ್ಬಿಸಿದ. ಮೇಲಕ್ಕೆ ಬೆರಳು ತೋರಿಸಿದ.

ತೊಲೆಯಲ್ಲಿ ಒಂದು ಮೊಳೆ. ಮೊಳೆಯಲ್ಲಿ ಕೊಪ್ಪರಿಗೆ.

ಒಳಗೆ ಥಳಥಳ ಹೊಳೆಯುತ್ತಿತ್ತು. ಹೊರಗೆ ಕಪ್ಪು. ಕೈಯಲ್ಲಿ ತಿಕ್ಕಿದರೆ ಹೋಗದ, ಇಪ್ಪತ್ತು ವರ್ಷದ ಗಟ್ಟಿ ಮಸಿ.

“ಪ್ರಮಾಣ ಮಾಡಿದೀಯಲ್ಲೇ,” ಎಂದ ಗೈಲ್ಸ್ ಕೊನೆಗೆ. “ತಗೊಳ್ಳೋಲ್ಲ ಅಂತ.”

“ನಾನು ತಗೊಂಡಿಲ್ಲ,” ಎಂದಳು ಪರ್ನೆಲ್. “ಇಲ್ಲೇ ಮಲಗಿದ್ದೆ.”

ಮಧ್ಯಾಹ್ನಕ್ಕೆ ಆಂಬ್ರೋಸ್ ಬಂದ. ಕೈಯಲ್ಲಿ ಪಟ್ಟಿ, ಹಿಂದೆ ಅದನ್ನು ಬರೆದ ನಾಲ್ವರು. “ಕಳ್ಳಿ! ಹಿಡೀರಿ. ಅಲ್ಲೇ ತೂಗ್ತಿದೆ ನೋಡಿ!”

ಪರ್ನೆಲ್ ಬಾಗಿಲಿಗೆ ಅಡ್ಡ ನಿಂತಳು. “ಕಾಗದ ತಂದಿದೀಯಲ್ಲ, ಓದಿಸು. ನಿನಗೆ ಕಾಗದ ಅಂದ್ರೆ ಇಷ್ಟ.”

ಅವರಲ್ಲೊಬ್ಬ ಓದಿದ. “ದೊಡ್ಡ ಹಿತ್ತಾಳೆ ಕೊಪ್ಪರಿಗೆ ಒಂದು... ಒಳಗೂ ಹೊರಗೂ ಹೊಳೆಯುವಂಥದ್ದು.” ತಲೆ ಎತ್ತಿ ನೋಡಿದ. “ಇದು ಮಸಿ.”

“ನಿಮ್ಮ ಮನೆಯೋರೇ ಹಾಗೆ ಬರೆಸಿದ್ದು, ಆಂಬ್ರೋಸ್,” ಎಂದ ಇನ್ನೊಬ್ಬ. “ಮಸಿ ಪಾತ್ರೆ ಥರ್ಲೋ ಮನೇಲಿ ಇರಲೇ ಇಲ್ಲ ಅಂತ.”

“ಅದೇ ಕೊಪ್ಪರಿಗೆ ಕಣ್ರೋ!” ಆಂಬ್ರೋಸ್ ಒಳಗೆ ನುಗ್ಗಿ ಬೆರಳಿನ ಗೆಣ್ಣಿನಿಂದ ಅದರ ಅಂಚಿಗೆ ಬಡಿದ.

ಢೊಂಯ್...

ಐದು ಜನರೂ ಆ ದನಿ ಕೇಳಿ ಬೆಳೆದವರು. ಅದು ಗುಂಯ್‌ಗುಟ್ಟುತ್ತಾ ಅಡಗುವವರೆಗೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಕೊನೆಗೆ ಎಲ್ಲರಿಗಿಂತ ಹಿರಿಯವನು ಟೋಪಿ ಸರಿಮಾಡಿಕೊಂಡ. “ಪಟ್ಟಿಯಲ್ಲಿ ದನಿ ಬರೆದಿಲ್ಲ,” ಎಂದು ಹೊರಟುಹೋದ. ಉಳಿದವರೂ ಹೋದರು. ಆಂಬ್ರೋಸ್ ಆಮೇಲೆ ಗೋಮಾಳದ ಕಡೆ ಕಾಲಿಡಲಿಲ್ಲ.

ಮೂವತ್ತು ವರ್ಷ ದೊಡ್ಡಮ್ಮ ಅದರಲ್ಲಿ ಹಾಲು ಕಾಯಿಸಿದಳು. ಒಳಗೆ ಮಾತ್ರ ಉಜ್ಜಿದಳು. ಆ ಕೊಪ್ಪರಿಗೆ ಈಗ ನನ್ನ ಮನೆಯಲ್ಲಿದೆ. ಬೇಕಾದರೆ ಬಂದು ನೋಡಿ, ಬಡಿದೂ ನೋಡಿ. ಗಂಡನೇ ರಾತ್ರೋರಾತ್ರಿ ಕದ್ದು ತಂದಿರಬೇಕು ಎನ್ನುವವರು ಇದ್ದಾರೆ. ಗೈಲ್ಸ್ ದೊಡ್ಡಪ್ಪನಿಗೆ ಕತ್ತಲಲ್ಲಿ ಕೋಳಿಗೂಡಿನವರೆಗೆ ಹೋಗುವ ಧೈರ್ಯವೂ ಇರಲಿಲ್ಲ. ಮೇಲೆ ಮಸಿ ಬಳಿದಿರಬೇಕು ಎನ್ನುವವರಿಗೆ ನಾನು ಉತ್ತರ ಕೊಡುವುದಿಲ್ಲ. ಅವರು ಎಂದೂ ಪಾತ್ರೆ ಉಜ್ಜಿದವರಲ್ಲ.

ಒಂದು ಸಂಗತಿಯನ್ನು ದೊಡ್ಡಮ್ಮ ಆ ದಿನ ಯಾರಿಗೂ ಹೇಳಲಿಲ್ಲ. ಸಾಯುವ ಮುಂಚೆ ನಮ್ಮ ತಾಯಿಗೆ ಹೇಳಿದಳು, ನಾನು ಪಕ್ಕದಲ್ಲಿದ್ದೆ. ಬೆಳಗ್ಗೆ ಎದ್ದು ಮೊದಲು ಆ ಕೊಪ್ಪರಿಗೆಯ ತಳ ಮುಟ್ಟಿದಾಗ ಮಸಿ ಬಿಸಿಯಾಗಿತ್ತು. ಬೆರಳು ಹಿಂದಕ್ಕೆ ತೆಗೆಯುವಷ್ಟು ಬಿಸಿ.

ಆ ಗುಡಿಸಲಿನ ಒಲೆಗೆ ಅವರು ಇನ್ನೂ ಬೆಂಕಿ ಹಾಕಿರಲಿಲ್ಲ.